ಓಆರ್‌ಎಸ್, ಎಳನೀರು, ಡ್ರಿಪ್, 108: ಬಿಸಿಲು ಹೊಡೆದಾಗ ಯಾವುದು, ಯಾವಾಗ?

ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದೂವರೆ. ಹೊಲದಲ್ಲಿ ಬದು ಹಾಕುತ್ತಿದ್ದವರಲ್ಲಿ ಒಬ್ಬರು ಗುದ್ದಲಿ ಬಿಟ್ಟು ಕೂತುಬಿಡುತ್ತಾರೆ. ಒಬ್ಬ ಎಳನೀರು ತರಲು ಓಡುತ್ತಾನೆ. ಇನ್ನೊಬ್ಬ ‘ಒಂದು ಬಾಟ್ಲಿ ಹಾಕಿಸಿದ್ರೆ ಸರಿಹೋಗುತ್ತೆ’ ಅನ್ನುತ್ತಾನೆ. ಮೂರನೆಯವ 108ಕ್ಕೆ ಮಾಡಲೋ ಬೇಡವೋ ಎಂದು ಫೋನು ಹಿಡಿದು ನಿಂತಿರುತ್ತಾನೆ. ಮೂವರ ಮಾತೂ ಒಂದೊಂದು ಸ್ಥಿತಿಗೆ ಸರಿ, ಉಳಿದ ಸ್ಥಿತಿಗಳಿಗೆ ದಂಡ, ಕೆಲವೊಮ್ಮೆ ಅಪಾಯ. ಯಾವ ಸ್ಥಿತಿ ಎಂದು ತಿಳಿಯಲು ಅರ್ಧ ನಿಮಿಷ ಸಾಕು: ಹೆಸರೇನು, ಇದು ಯಾರ ಹೊಲ, ಬೆಳಿಗ್ಗೆ ಏನು ಉಂಡು ಬಂದಿರಿ ಎಂದು ಕೇಳಿ. ಮುಂದಿನ ಆಯ್ಕೆಗಳೆಲ್ಲ ಈ ಉತ್ತರದ ಮೇಲೆ ನಿಂತಿವೆ.

ಬಳಲಿಕೆಯೋ, ಹೀಟ್ ಸ್ಟ್ರೋಕೋ

ಉತ್ತರ ನೆಟ್ಟಗೆ ಬಂದರೆ ಅದು ಬಿಸಿಲಿನ ಬಳಲಿಕೆ. ತಲೆ ಸುತ್ತು, ತಲೆನೋವು, ವಾಕರಿಕೆ, ಮೀನಖಂಡ ಸೆಡೆಯುವುದು, ಧಾರಾಕಾರ ಬೆವರು. ನೆರಳು, ಗಾಳಿ, ಉಪ್ಪು ಬೆರೆತ ನೀರು ಸಿಕ್ಕರೆ ಸಾಮಾನ್ಯವಾಗಿ ಅರ್ಧ–ಮುಕ್ಕಾಲು ಗಂಟೆಯಲ್ಲಿ ಸುಧಾರಿಸುತ್ತದೆ. ಒಂದು ಗಂಟೆ ಕಳೆದರೂ ಎದ್ದು ಕೂರಲಾಗದಿದ್ದರೆ ಆಸ್ಪತ್ರೆಯ ದಾರಿ ಹಿಡಿಯಬೇಕು.

ಉತ್ತರ ತೊದಲಿದರೆ, ಸಂಬಂಧವಿಲ್ಲದ್ದು ಮಾತಾಡಿದರೆ, ಸಿಟ್ಟಿಗೆದ್ದು ಕೈ ಬೀಸಿದರೆ, ಫಿಟ್ಸ್ ಬಂದರೆ, ಪ್ರಜ್ಞೆಯೇ ತಪ್ಪಿದರೆ ಹೀಟ್ ಸ್ಟ್ರೋಕ್ ಎಂದೇ ಹಿಡಿಯಿರಿ. ದೇಹದ ಒಳಗಿನ ತಾಪ 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಫ್ಯಾರನ್‌ಹೀಟ್ ಮುಟ್ಟಿದಾಗ ಮಿದುಳು ಮೊದಲು ಮುಗ್ಗರಿಸುತ್ತದೆ. ಆಮೇಲೆ ಮೂತ್ರಪಿಂಡ, ಯಕೃತ್ತು, ಸ್ನಾಯು.

ಬೆವರು ನಿಂತು ಚರ್ಮ ಒಣಗಿದ್ದರೆ ಮಾತ್ರ ಹೀಟ್ ಸ್ಟ್ರೋಕ್ ಎಂಬ ಹಳೆಯ ಪಾಠವನ್ನು ಬಿಟ್ಟುಬಿಡಿ. ತಗಡಿನ ಮನೆಯೊಳಗೆ ಎರಡು–ಮೂರು ದಿನ ಬೆಂದ ವಯಸ್ಸಾದವರಲ್ಲಿ ಚರ್ಮ ಒಣಗಿರುವುದುಂಟು. ದುಡಿಯುತ್ತ ಬಿದ್ದ ಯುವಕ ಮೈತುಂಬ ಬೆವರಿದ್ದರೂ ಒಳಗೆ 41 ಡಿಗ್ರಿ ಇರಬಹುದು. ಕಂಕುಳಲ್ಲಿಟ್ಟ ಥರ್ಮಾಮೀಟರನ್ನೂ ನಂಬಬೇಡಿ. ಬೆವರು, ಗಾಳಿ, ಮೈಗೆ ಸುರಿದ ನೀರು ಇವೆಲ್ಲ ಅದರ ಅಂಕಿಯನ್ನು ಒಂದು ಡಿಗ್ರಿಗೂ ಮಿಕ್ಕಿ ಕೆಳಗೆ ತೋರಿಸುತ್ತವೆ. ‘101 ಅಷ್ಟೇ ಇದೆ’ ಎಂದು ಕಾದು ಕೂತರೆ ಕಳೆಯುವುದು ಬೆಲೆಬಾಳುವ ಹೊತ್ತು. ಒಂದು ವಿನಾಯಿತಿ ಇದೆ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆ ಮಾತ್ರೆ ತೆಗೆದುಕೊಳ್ಳುವವರು ಊಟ ತಪ್ಪಿಸಿ ಬೆವರುತ್ತ ತೊದಲಿದರೆ ಸಕ್ಕರೆ ಇಳಿದಿರಬಹುದು. ನುಂಗುವ ಶಕ್ತಿ ಇದ್ದರೆ ಮೊದಲು ಮೂರು–ನಾಲ್ಕು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ತಣಿಸುವುದನ್ನೂ ನಿಲ್ಲಿಸಬೇಡಿ.

ಕುಡಿಯಲು: ಐದು ಆಯ್ಕೆ, ಐದು ಕೆಲಸ

ಮಾತು ಸರಿಯಿದ್ದು, ನುಂಗಲು ಆಗುವವರಿಗೆ ಮಾತ್ರ ಈ ಭಾಗ.

ಪುಡಿಯ ಓಆರ್‌ಎಸ್ ಪೊಟ್ಟಣ ಸರ್ಕಾರಿ ಆಸ್ಪತ್ರೆಗಳಲ್ಲಿ, ಆಶಾ ಕಾರ್ಯಕರ್ತೆಯ ಬಳಿ ಪುಕ್ಕಟೆ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಟ್ರೈಸೋಡಿಯಂ ಸಿಟ್ರೇಟ್ 2.9, ಒಟ್ಟು 20.5 ಗ್ರಾಂ. ಈ ಅಳತೆ ಸುಮ್ಮನೆ ಬಂದದ್ದಲ್ಲ. ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಒಳಗೆ ಹೋಗುವ ಬಾಗಿಲುಗಳಿವೆ, ನೀರು ಅವುಗಳ ಬೆನ್ನು ಹತ್ತಿ ಹೋಗುತ್ತದೆ. ಭೇದಿಯಾಗುತ್ತಿದ್ದಾಗಲೂ ಈ ಬಾಗಿಲು ತೆರೆದೇ ಇರುತ್ತದೆ. ಸಕ್ಕರೆ ಹೆಚ್ಚಾದರೆ ಲೆಕ್ಕ ತಿರುಗುತ್ತದೆ, ನೀರು ರಕ್ತದಿಂದ ಕರುಳಿಗೆ ಹರಿದು ಭೇದಿ ಜೋರಾಗುತ್ತದೆ.

ಕೆಡುವುದು ಬಹುತೇಕ ಕಲಸುವಾಗಲೇ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ‘ಸ್ಟ್ರಾಂಗ್ ಆಗಿರಲಿ’ ಎಂದು ಮಗುವಿಗೆ ಕುಡಿಸಿದರೆ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಅರ್ಧ ಪೊಟ್ಟಣ ಇವತ್ತು, ಅರ್ಧ ನಾಳೆ ಎಂದರೂ ತಪ್ಪು, ಪುಡಿಯೊಳಗಿನ ನಾಲ್ಕು ವಸ್ತು ಸಮನಾಗಿ ಪಾಲಾಗುವುದಿಲ್ಲ. ಮನೆಯ ಚೊಂಬು, ಲೋಟಗಳ ಅಳತೆ ಒಂದೊಂದು ಮನೆಯಲ್ಲಿ ಒಂದೊಂದು. ಆದ್ದರಿಂದ ಒಂದು ಲೀಟರಿನ ನೀರಿನ ಬಾಟಲಿಯಿಂದ ಅಳೆದು ಪಾತ್ರೆಗೆ ಹಾಕಿ, ಪೂರ್ತಿ ಪೊಟ್ಟಣ ಒಮ್ಮೆಗೇ ಸುರಿದು ಕದಡಿ. ಸಣ್ಣ ಪೊಟ್ಟಣವಾದರೆ ಸಾಮಾನ್ಯವಾಗಿ 200 ಮಿಲಿಗೆ, ಮೇಲೆ ಅಚ್ಚಾದದ್ದನ್ನು ಓದಿಕೊಳ್ಳಿ. ಹಾಲು, ಜ್ಯೂಸು, ಸೋಡಾಗಳಲ್ಲಿ ಕಲಸುವಂತಿಲ್ಲ, ಮೇಲೆ ಸಕ್ಕರೆ ಹಾಕುವಂತಿಲ್ಲ, ಕಲಸಿದ ಮೇಲೆ ಕುದಿಸುವಂತಿಲ್ಲ. 24 ಗಂಟೆ ದಾಟಿದ್ದನ್ನು ಚೆಲ್ಲಿ ಹೊಸದು ಮಾಡಿ. ರುಚಿ ಕಣ್ಣೀರಿನಷ್ಟು ಉಪ್ಪಿರಬೇಕು, ಅದಕ್ಕಿಂತ ಉಪ್ಪಾದರೆ ಎಲ್ಲೋ ಎಡವಿದ್ದೀರಿ.

ಭೇದಿಯಿದ್ದರೆ ಪ್ರತಿ ಸಲ ಹೋದ ಮೇಲೆ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಎರಡರಿಂದ ಹತ್ತು ವರ್ಷದವರಿಗೆ 100ರಿಂದ 200, ದೊಡ್ಡವರಿಗೆ ಬೇಕೆನಿಸಿದಷ್ಟು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು, ಎರಡು–ಮೂರು ನಿಮಿಷಕ್ಕೆ ಒಂದು ಚಮಚದಂತೆ ಮತ್ತೆ ಶುರು ಮಾಡಿ. ಗಟಗಟ ಕುಡಿಸಿದರೆ ಮತ್ತೆ ಕಕ್ಕುತ್ತದೆ, ‘ಓಆರ್‌ಎಸ್ ಮಗುವಿಗೆ ಒಗ್ಗಲ್ಲ’ ಎಂಬ ದೂರು ಹುಟ್ಟುವುದು ಹೀಗೆ. ಮಕ್ಕಳ ಭೇದಿಗೆ ಓಆರ್‌ಎಸ್ ಜೊತೆ ಝಿಂಕ್ ಮಾತ್ರೆಯನ್ನೂ ಕೇಳಿ ಪಡೆಯಿರಿ: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಗ್ರಾಂ, ಎರಡರಿಂದ ಆರು ತಿಂಗಳವರಿಗೆ 10 ಮಿಗ್ರಾಂ, 14 ದಿನ. ಭೇದಿ ಮೂರನೇ ದಿನಕ್ಕೇ ನಿಂತಿತೆಂದು ಝಿಂಕ್ ನಿಲ್ಲಿಸಬೇಡಿ.

ಔಷಧಿ ಅಂಗಡಿಯಲ್ಲಿ ಪುಡಿಯ ಪಕ್ಕದಲ್ಲೇ ಇಟ್ಟಿರುವ ಹಣ್ಣಿನ ರುಚಿಯ ಟೆಟ್ರಾ ಪ್ಯಾಕ್ ಬೇರೆಯದೇ ಸರಕು. ಅಂಥ ಹಲವದರಲ್ಲಿ ಸಕ್ಕರೆ ಸೂತ್ರಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಉಪ್ಪು ಕಡಿಮೆ. ಸೂತ್ರಕ್ಕೆ ಹೊಂದದ ಪಾನೀಯಗಳು ‘ಓಆರ್‌ಎಸ್’ ಎಂಬ ಹೆಸರು ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಹಾಗಿದ್ದರೂ ಕೊಳ್ಳುವಾಗ ಹಿಂಬದಿ ತಿರುಗಿಸಿ ನೋಡಿ. ಒಂದು ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಎಂದಿದ್ದರೆ ಸರಿ.

ಪೊಟ್ಟಣ ಸಿಗದ ರಾತ್ರಿಗೆ ಮನೆಯ ಸಕ್ಕರೆ–ಉಪ್ಪಿನ ನೀರು: ಒಂದು ಲೀಟರ್ ಶುದ್ಧ ನೀರಿಗೆ ಟೀ ಚಮಚದ ಅಂಚಿಗೆ ಸಮನಾಗಿ ಒರೆಸಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಿಟಿಕೆಯ ಲೆಕ್ಕ ಬೇಡ, ಕೈಯಿಂದ ಕೈಗೆ ಚಿಟಿಕೆ ಬದಲಾಗುತ್ತದೆ. ಮಕ್ಕಳ ಸಿರಪ್ಪಿನ ಜೊತೆ ಬರುವ 5 ಮಿಲಿ ಅಳತೆಯ ಚಮಚ ಇದ್ದರೆ ಅದನ್ನೇ ಬಳಸಿ. ಇದರಲ್ಲಿ ಪೊಟ್ಯಾಸಿಯಂ ಇಲ್ಲ, ಬಾಳೆಹಣ್ಣು ಅಥವಾ ಎಳನೀರು ಆ ಕೊರತೆ ತುಂಬುತ್ತದೆ.

ಎಳನೀರಿನ ವಿಷಯಕ್ಕೆ ಬಂದರೆ ಯಾರಿಗೂ ಬೇಸರವಾಗದಂತೆ ಹೇಳುವುದು ಕಷ್ಟ. ಅದು ಒಳ್ಳೆಯ ಪಾನೀಯ, ಆದರೆ ಓಆರ್‌ಎಸ್‌ಗೆ ಬದಲಿಯಲ್ಲ. ಬೆವರಲ್ಲಿ, ಭೇದಿಯಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ. ಎಳನೀರಲ್ಲಿ ಅದು ಕಡಿಮೆ, ಪೊಟ್ಯಾಸಿಯಂ ಮಾತ್ರ ಓಆರ್‌ಎಸ್‌ಗಿಂತ ಸುಮಾರು ಮೂರು ಪಟ್ಟು. ಆರೋಗ್ಯವಂತರಿಗೆ ದಿನಕ್ಕೊಂದು–ಎರಡು ಕಾಯಿ ತೊಂದರೆಯಿಲ್ಲ. ಮೂತ್ರಪಿಂಡ ಸೋತವರು, ಡಯಾಲಿಸಿಸ್‌ನಲ್ಲಿರುವವರು, ಪೊಟ್ಯಾಸಿಯಂ ಏರಿಸುವ ಬಿಪಿ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ದಿನನಿತ್ಯದ ಬಿಸಿಲಿಗೆ ನಮ್ಮ ಮತ ಉಪ್ಪು ಹಾಕಿದ ನೀರುಮಜ್ಜಿಗೆಗೆ, ಗಂಜಿಗೆ, ತಿಳಿಸಾರಿಗೆ. ಸೋಡಿಯಂ ಇದೆ, ನೀರಿದೆ, ಹೊಟ್ಟೆಗೂ ಹಿತ, ಮನೆಯಲ್ಲೇ ಆಗುತ್ತದೆ. ಬಣ್ಣದ ತಂಪು ಪಾನೀಯಗಳಲ್ಲಿ 100 ಮಿಲಿಗೆ ಸಕ್ಕರೆಯೇ ಹತ್ತು ಗ್ರಾಂ ಆಸುಪಾಸು, ಭೇದಿಯಿದ್ದಾಗ ಅವು ಕೆಡುಕು. ಚಹಾ, ಕಾಫಿಗೆ ಬಿದ್ದಿರುವ ಅಪವಾದ ಅತಿಯಾಯಿತು, ರೂಢಿಯ ಎರಡು–ಮೂರು ಲೋಟ ಮೈಯ ನೀರನ್ನು ಕಸಿಯುವುದಿಲ್ಲ.

ಇನ್ನು ಓಆರ್‌ಎಸ್ ಅತಿಯಾದರೆ? ಒಂದು ಲೀಟರಿನಲ್ಲಿರುವ ಸೋಡಿಯಂ ಸುಮಾರು 4.4 ಗ್ರಾಂ ಉಪ್ಪಿಗೆ ಸಮ. ದಿನವಿಡೀ ತಿನ್ನಬಹುದಾದ ಉಪ್ಪಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿಯೇ 5 ಗ್ರಾಂ. ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವ ಬಿಪಿ ರೋಗಿ ‘ಬೇಸಿಗೆಯಲ್ವಾ’ ಎಂದು ದಿನಾ ಒಂದು ಪೊಟ್ಟಣ ಕುಡಿಯುವುದು ತನ್ನ ಮಾತ್ರೆಯ ಜೊತೆ ತಾನೇ ಜಗಳವಾಡಿದಂತೆ. ಬಿಸಿಲಲ್ಲಿ ಗಂಟೆಗಟ್ಟಲೆ ಮೈಮುರಿದು ದುಡಿಯುವವರಿಗೆ, ಭೇದಿ–ವಾಂತಿ ಆದವರಿಗೆ ಅದು ಇರಲಿ. ದುಡಿಯುವಾಗ 15–20 ನಿಮಿಷಕ್ಕೆ ಒಂದು ಲೋಟ, ಅಂದರೆ ಸುಮಾರು 240 ಮಿಲಿ ನೀರು ಸಾಕು, ಗಂಟೆಗೆ ಒಂದೂವರೆ ಲೀಟರ್ ದಾಟದಿರಲಿ. ಬರೀ ನೀರನ್ನೇ ಹೊಟ್ಟೆ ಬಿರಿಯುವಂತೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಂತಿ, ಗೊಂದಲ ಶುರುವಾಗುತ್ತದೆ, ಅದನ್ನು ಜನ ಬಿಸಿಲು ಹೊಡೆತವೆಂದು ತಿಳಿದು ಇನ್ನಷ್ಟು ನೀರು ಕುಡಿಸುತ್ತಾರೆ.

ಆರು ತಿಂಗಳೊಳಗಿನ ಕೂಸಿಗೆ ಎಂಥ ಬಿಸಿಲಿದ್ದರೂ ನೀರು ಬೇಡ, ಎದೆಹಾಲೇ ಸಾಕು. ಹೆಚ್ಚು ಸಲ ಕುಡಿಸಿ, ನೀರು ಕುಡಿಯಬೇಕಾದವಳು ತಾಯಿ.

ಡ್ರಿಪ್ ಹಾಕಿಸಿದರೆ ಬೇಗ ಗುಣವೇ?

ಬೇಸಿಗೆಯಲ್ಲಿ ಅತಿ ಹೆಚ್ಚು ದುಂದಾಗುವ ಚಿಕಿತ್ಸೆ ಇದು. ‘ಗ್ಲೂಕೋಸ್ ಬಾಟ್ಲಿ’ ಎಂದು ಕರೆಯುವ 5 ಪರ್ಸೆಂಟ್ ಡೆಕ್ಸ್‌ಟ್ರೋಸ್‌ನ 500 ಮಿಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಐದಾರು ಚಮಚ. ಉಪ್ಪು ಸೊನ್ನೆ. ಬೆವರಿ ಸೋಡಿಯಂ ಕಳೆದುಕೊಂಡವರಿಗೆ ಅದು ಸಿಹಿನೀರು ಮಾತ್ರ, ಉಳಿದ ಸೋಡಿಯಂ ಇನ್ನಷ್ಟು ತೆಳುವಾಗುತ್ತದೆ. ನಾರ್ಮಲ್ ಸಲೈನ್ 500 ಮಿಲಿಯಲ್ಲಿ 4.5 ಗ್ರಾಂ ಉಪ್ಪಿದೆ, ಪೊಟ್ಯಾಸಿಯಂ ಇಲ್ಲ. ಬಾಯಲ್ಲಿ ಕುಡಿಯಬಲ್ಲವರಿಗೆ ಒಂದು ಲೀಟರ್ ಓಆರ್‌ಎಸ್ ಕೊಡುವುದಕ್ಕಿಂತ ಹೆಚ್ಚಿನದನ್ನು ಈ ಬಾಟಲಿ ಕೊಡುವುದಿಲ್ಲ. ಹಾಕಿಸಿಕೊಂಡ ತಕ್ಷಣ ಹಗುರ ಅನಿಸುವುದರಲ್ಲಿ ಫ್ಯಾನಿನ ಕೆಳಗೆ ಎರಡು ಗಂಟೆ ಮಲಗಿದ ಪಾಲು ದೊಡ್ಡದು. ಸೂಜಿ ಚುಚ್ಚಿದ ಕಡೆ ಸೋಂಕು, ಹೃದಯ–ಮೂತ್ರಪಿಂಡ ದುರ್ಬಲವಾದವರಿಗೆ ವೇಗವಾಗಿ ಹರಿಸಿದರೆ ಶ್ವಾಸಕೋಶದಲ್ಲಿ ನೀರು, ಇವು ಪುಕ್ಕಟೆ ಬರುತ್ತವೆ.

ಹಾಗೆಂದು ಡ್ರಿಪ್ ಬೇಡವೇ ಬೇಡ ಎಂದಲ್ಲ. ಕುಡಿದದ್ದೆಲ್ಲ ಕಕ್ಕುತ್ತಿದ್ದರೆ, ಅಕ್ಕಿ ತೊಳೆದ ನೀರಿನಂಥ ಭೇದಿ ನಿಲ್ಲದೆ ಹರಿಯುತ್ತಿದ್ದರೆ, ನಾಡಿ ಸಿಗದಷ್ಟು ಸೋತಿದ್ದರೆ, ಆರೆಂಟು ಗಂಟೆ ಮೂತ್ರವೇ ಆಗದಿದ್ದರೆ, ಮಗು ಕಣ್ಣು ಗುಳಿಬಿದ್ದು ಮಂಕಾಗಿ ಎದೆಹಾಲೂ ಬೇಡವೆಂದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಎರಡು ಸೆಕೆಂಡಿಗಿಂತ ನಿಧಾನವಾಗಿ ಮರಳಿದರೆ ಡ್ರಿಪ್ ಜೀವ ಉಳಿಸುತ್ತದೆ. ಆಗಲೂ ಏರಿಸಬೇಕಾದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಲವಣದ ದ್ರಾವಣ ಅಥವಾ ಸಲೈನ್. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿದ್ದ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಬಾಟಲಿಗಳು ಖಾಲಿಯಾದಾಗ ಡಾ. ದಿಲೀಪ್ ಮಹಲನಾಬಿಸ್ ಡ್ರಮ್ಮುಗಳಲ್ಲಿ ಉಪ್ಪು–ಗ್ಲೂಕೋಸ್ ನೀರು ಕಲಸಿಟ್ಟು ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಸಾವು ನೂರಕ್ಕೆ ಸುಮಾರು 30ರಿಂದ 3.6ಕ್ಕೆ ಇಳಿಯಿತು. ಕಾಲರಾವನ್ನೇ ತಡೆದದ್ದು ಬಿಸಿಲಿನ ಬಳಲಿಕೆಗೆ ಸಾಲದೆ?

ತಣಿಸುವ ವಿಧಾನ: ಟಾರ್ಪಾಲು, ಒದ್ದೆ ಬಟ್ಟೆ, ಐಸ್

ಮಾತು ತಪ್ಪಿದವರ ವಿಷಯ ಬೇರೆ. ಸಕ್ಕರೆ ಕಾಯಿಲೆಯವರಿಗೆ ಮೇಲೆ ಹೇಳಿದ ವಿನಾಯಿತಿ ಬಿಟ್ಟರೆ ಅವರ ಬಾಯಿಗೆ ಏನನ್ನೂ ಹಾಕಬೇಡಿ, ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಬ್ಬರು 108ಕ್ಕೆ ಫೋನು ಮಾಡಲಿ, ಉಳಿದವರು ಅದೇ ನಿಮಿಷದಲ್ಲಿ ತಣಿಸಲು ತೊಡಗಲಿ. ಮೊದಲ ಅರ್ಧ ಗಂಟೆಯೊಳಗೆ ತಾಪ ಇಳಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು. ಆಂಬುಲೆನ್ಸ್ ಬರಲಿ ಎಂದು ನೆರಳಲ್ಲಿ ಮಲಗಿಸಿ ಕಾಯುವುದೇ ಇಲ್ಲಿ ನಡೆಯುವ ದೊಡ್ಡ ತಪ್ಪು.

ಎಲ್ಲಕ್ಕಿಂತ ವೇಗವಾಗಿ ಇಳಿಸುವುದು ತಣ್ಣೀರಿನಲ್ಲಿ ಮುಳುಗಿಸುವುದು. ಹಳ್ಳಿಯಲ್ಲಿ ಸ್ನಾನದ ತೊಟ್ಟಿ ಇರುವುದಿಲ್ಲ, ಟಾರ್ಪಾಲು ಇರುತ್ತದೆ. ಮೇಲಂಗಿ, ಬೆಲ್ಟು, ಚಪ್ಪಲಿ ತೆಗೆದು ರೋಗಿಯನ್ನು ಟಾರ್ಪಾಲಿನ ನಡುವೆ ಮಲಗಿಸಿ. ನಾಲ್ಕೈದು ಮಂದಿ ಅಂಚುಗಳನ್ನು ಮೊಣಕಾಲೆತ್ತರಕ್ಕೆ ಎತ್ತಿ ಹಿಡಿದರೆ ತೊಟ್ಟಿಲಿನಂತಾಗುತ್ತದೆ. ನಾಲ್ಕೈದು ಕೊಡ ನೀರು ಸುರಿಯಿರಿ, ಸಿಕ್ಕರೆ ಐಸ್ ಹಾಕಿ. ಒಬ್ಬರು ಬರೀ ತಲೆ ಹಿಡಿಯುವ ಕೆಲಸಕ್ಕೆ: ಮುಖ ನೀರಿನ ಮೇಲಿರಬೇಕು, ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಬೇಕು. ಅಂಚುಗಳನ್ನು ಸರದಿಯಂತೆ ಎತ್ತಿ ಇಳಿಸುತ್ತ ನೀರನ್ನು ಕುಲುಕುತ್ತಿರಿ. ಅಲ್ಲಾಡದ ನೀರಿನಲ್ಲಿ ಮೈ ಸುತ್ತ ಬೆಚ್ಚನೆಯ ಪದರ ಕಟ್ಟಿಕೊಂಡು ಕೆಲಸ ನಿಧಾನವಾಗುತ್ತದೆ. 10–15 ನಿಮಿಷ, ಅಥವಾ ಮಾತು ನೆಟ್ಟಗಾಗುವವರೆಗೆ. ದುಡಿಯುತ್ತ ಬಿದ್ದ ವಯಸ್ಕರಿಗೆ ನಮ್ಮ ಮೊದಲ ಆಯ್ಕೆ ಇದೇ.

ವಯಸ್ಸಾದವರಿಗೆ, ಹೃದಯದ ಕಾಯಿಲೆಯವರಿಗೆ, ಇಬ್ಬರೇ ಇರುವ ಮನೆಗೆ ಒದ್ದೆ ಬಟ್ಟೆ ಮತ್ತು ಗಾಳಿ. ತೆಳು ಹತ್ತಿ ಸೀರೆಯನ್ನೋ ಪಂಚೆಯನ್ನೋ ತೋಯಿಸಿ ಮೈಮೇಲೆ ಹರಡಿ, ಫ್ಯಾನು ಹಾಕಿ, ಕರೆಂಟ್ ಇಲ್ಲದಿದ್ದರೆ ರಟ್ಟಿನಿಂದ ಬೀಸಿ. ತಣಿಸುವುದು ಬಟ್ಟೆಯಲ್ಲ, ಅದರಿಂದ ಆವಿಯಾಗುವ ನೀರು. ಹಾಗಾಗಿ ಎರಡು ನಿಮಿಷಕ್ಕೊಮ್ಮೆ ಮತ್ತೆ ನೀರು ಚಿಮುಕಿಸಬೇಕು, ಇಲ್ಲವಾದರೆ ಅದೇ ಬಟ್ಟೆ ಕಂಬಳಿಯಾಗುತ್ತದೆ. ದಪ್ಪ ಟವೆಲ್ ಸುತ್ತಿ ಬಿಟ್ಟುಬಿಡುವುದು ಏನೂ ಮಾಡದಿರುವುದಕ್ಕಿಂತ ಕೆಟ್ಟದ್ದು. ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲಿ ದೊಡ್ಡ ರಕ್ತನಾಳಗಳು ಚರ್ಮದ ಸಮೀಪ ಹರಿಯುವುದರಿಂದ ಐಸನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲಿಡಬಹುದು, ಆದರೆ ಬರೀ ಐಸ್ ಪ್ಯಾಕಿಗೆ ಅಷ್ಟು ಶಕ್ತಿಯಿಲ್ಲ, ಅದು ಜೊತೆಗಾರ ಮಾತ್ರ.

ಪ್ಯಾರಸಿಟಮಾಲ್ ಇಲ್ಲಿ ಕೆಲಸ ಮಾಡುವುದಿಲ್ಲ. ಸೋಂಕಿನ ಜ್ವರದಲ್ಲಿ ಮಿದುಳು ತಾನೇ ತಾಪದ ಗುರಿಯನ್ನು ಏರಿಸಿಕೊಂಡಿರುತ್ತದೆ, ಮಾತ್ರೆ ಆ ಗುರಿಯನ್ನು ಇಳಿಸುತ್ತದೆ. ಹೀಟ್ ಸ್ಟ್ರೋಕಿನಲ್ಲಿ ಗುರಿ ಬದಲಾಗಿಲ್ಲ, ಮೈ ಕೈಮೀರಿ ಕಾದಿದೆ. ಬಳಲಿದ ಯಕೃತ್ತಿಗೆ ಮಾತ್ರೆ ಹೊರೆ ಬೇರೆ. ಮೂಗಿಗೆ ಈರುಳ್ಳಿ ಹಿಡಿಯುವುದರಿಂದ ಕಳೆಯುವುದು ಎರಡು ನಿಮಿಷ, ಆ ಎರಡು ನಿಮಿಷದಲ್ಲಿ ಒಂದು ಕೊಡ ನೀರು ಸುರಿಯಬಹುದಿತ್ತು.

ಎಲ್ಲಿಗೆ ಹೋಗುವುದು

| ಎಲ್ಲಿ | ಬೇಸಿಗೆಯಲ್ಲಿ ಯಾವುದಕ್ಕೆ ಒದಗುತ್ತದೆ | ಯಾವಾಗ ಸಾಲದು |
|---|---|---|
| ಆಶಾ ಕಾರ್ಯಕರ್ತೆ | ಓಆರ್‌ಎಸ್, ಝಿಂಕ್, ಮಗುವಿನ ಸ್ಥಿತಿ ನೋಡಿ ಸಲಹೆ | ವಾಂತಿ ನಿಲ್ಲದಾಗ, ಮಂಕಾದಾಗ |
| ಆಯುಷ್ಮಾನ್ ಆರೋಗ್ಯ ಮಂದಿರ (ಹಳೆಯ ಉಪಕೇಂದ್ರ) | ಬಿಪಿ, ಸಕ್ಕರೆ ಪರೀಕ್ಷೆ, ಸಣ್ಣ ಬಳಲಿಕೆ | ವೈದ್ಯರು ಬೇಕಾದಾಗ |
| ನಮ್ಮ ಕ್ಲಿನಿಕ್ (ನಗರ) | ವೈದ್ಯರು, ಔಷಧಿ, ಸಾಮಾನ್ಯ ರಕ್ತ ಪರೀಕ್ಷೆ. ಹೆಚ್ಚಿನ ಕಡೆ ಬೆಳಿಗ್ಗೆ 9ರಿಂದ 4.30 | ರಾತ್ರಿ, ದಾಖಲಾತಿ ಬೇಕಾದಾಗ |
| ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ) | ವೈದ್ಯರು, ಡ್ರಿಪ್, ಕೆಲವು ಹಾಸಿಗೆ | ಪ್ರಜ್ಞೆ ತಪ್ಪಿದಾಗ, ಫಿಟ್ಸ್ ಬಂದಾಗ |
| ತಾಲ್ಲೂಕು, ಜಿಲ್ಲಾ ಆಸ್ಪತ್ರೆ | ಹೀಟ್ ಸ್ಟ್ರೋಕ್, ತೀವ್ರ ಭೇದಿ, 24 ಗಂಟೆ | ತೀವ್ರ ನಿಗಾ ಬೇಕಾದರೆ ಅಲ್ಲಿಂದ ಮುಂದಕ್ಕೆ |

ಪಿಎಚ್‌ಸಿಯ ಬಗ್ಗೆ ಒಂದು ಕೆಲಸ ಬೇಸಿಗೆ ಶುರುವಾಗುವ ಮುನ್ನವೇ ಮುಗಿಸಿ: ನಿಮ್ಮ ಕೇಂದ್ರ 24 ಗಂಟೆಯದೋ ಹಗಲಿನದೋ ಕೇಳಿಟ್ಟುಕೊಳ್ಳಿ. ಬಯಲುಸೀಮೆಯಲ್ಲಿ ಸುಮಾರು 30,000 ಜನಕ್ಕೆ, ಗುಡ್ಡಗಾಡಿನಲ್ಲಿ 20,000ಕ್ಕೆ ಒಂದು ಕೇಂದ್ರ ಎಂಬುದು ಮಾನದಂಡ. ಅಕ್ಕಪಕ್ಕದ ಎರಡರಲ್ಲಿ ಒಂದು ರಾತ್ರಿಯೂ ತೆರೆದಿದ್ದು ಇನ್ನೊಂದು ಮುಚ್ಚಿರಬಹುದು. ರಾತ್ರಿ ಹತ್ತಕ್ಕೆ ಬೀಗದ ಮುಂದೆ ನಿಂತು ಗೊತ್ತಾಗುವ ಸಂಗತಿ ಇದಾಗಬಾರದು.

108 ಮತ್ತು 104ರ ನಡುವೆ ಗೊಂದಲ ಬೇಡ. 2008ರಿಂದ ಓಡುತ್ತಿರುವ ಆರೋಗ್ಯ ಕವಚದ 108 ಆಂಬುಲೆನ್ಸಿಗೆ. ಆರೋಗ್ಯವಾಣಿ 104 ಸಲಹೆಗೆ ಮತ್ತು ದೂರಿಗೆ: ಮಾತ್ರೆ ನಿಲ್ಲಿಸಲೇ, ಮಗುವಿಗೆ ಎಷ್ಟು ಓಆರ್‌ಎಸ್ ಎಂದು ಕೇಳಲು, ಕೇಂದ್ರದಲ್ಲಿ ಔಷಧಿ ಕೊಡಲಿಲ್ಲವೆಂದು ಹೇಳಲು. 108ಕ್ಕೆ ಕರೆ ಮಾಡಿದಾಗ ಕಥೆ ಹೇಳಬೇಡಿ. ಊರು, ಹೋಬಳಿ, ತಾಲ್ಲೂಕು, ಕಣ್ಣಿಗೆ ಬೀಳುವ ಗುರುತು ಮೊದಲು, ‘ಪ್ರಜ್ಞೆ ಸರಿಯಿಲ್ಲ, ಮೈ ಸುಡುತ್ತಿದೆ’ ಎಂಬುದು ಆಮೇಲೆ. ಒಂದೇ ಹೆಸರಿನ ಹಳ್ಳಿಗಳು ತಾಲ್ಲೂಕಿಗೆ ಎರಡು–ಮೂರು ಇರುವುದರಿಂದ ಹೋಬಳಿ ಬಿಟ್ಟರೆ ವಾಹನ ಇನ್ನೆಲ್ಲೋ ಹೋಗುತ್ತದೆ. ಚಾಲಕರು ಮರಳಿ ಕರೆಯುತ್ತಾರೆ, ಫೋನನ್ನು ಖಾಲಿ ಬಿಡಿ. ಒಬ್ಬರು ಮುಖ್ಯರಸ್ತೆಗೆ ಹೋಗಿ ನಿಲ್ಲಲಿ.

ಆಂಬುಲೆನ್ಸಿಗೆ ಕಾಯುವುದೋ, ಸಿಕ್ಕಿದ ಟೆಂಪೋದಲ್ಲಿ ಹೊರಡುವುದೋ? ಮೊದಲು 10–15 ನಿಮಿಷ ತಣಿಸಿ. ಅಷ್ಟರಲ್ಲಿ 108 ಎಲ್ಲಿದೆಯೆಂದು ತಿಳಿಯುತ್ತದೆ. ದೂರವಿದ್ದು ತಾಲ್ಲೂಕು ಆಸ್ಪತ್ರೆ ಹತ್ತಿರವಿದ್ದರೆ ಹೊರಡಿ. ರೋಗಿಯನ್ನು ಒಂದು ಪಕ್ಕಕ್ಕೆ ಮಲಗಿಸಿ, ಕಿಟಕಿ ತೆರೆದು, ದಾರಿಯುದ್ದಕ್ಕೂ ನೀರು ಚಿಮುಕಿಸುತ್ತಿರಿ. ಪ್ರಜ್ಞೆ ತಪ್ಪಿದವರನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗುವುದು ಮಾತ್ರ ಬೇಡ, ಕತ್ತು ಜೋತುಬಿದ್ದು ಉಸಿರಿನ ದಾರಿ ಮುಚ್ಚುತ್ತದೆ.

ಫ್ಯಾನು, ಕೂಲರ್, ಮತ್ತು ನೀವಿರುವ ಊರು

ಕಲಬುರಗಿಯಲ್ಲಿ ಒಪ್ಪುವುದು ಮಂಗಳೂರಿನಲ್ಲಿ ಒಪ್ಪುವುದಿಲ್ಲ. ನೀರು ಹನಿಸುವ ಏರ್ ಕೂಲರ್ ಒಣ ಹವೆಯ ಕಲಬುರಗಿ, ರಾಯಚೂರು, ವಿಜಯಪುರಗಳಲ್ಲಿ ಚೆನ್ನಾಗಿ ತಣಿಸುತ್ತದೆ, ಎದುರಿನ ಕಿಟಕಿ ಅರ್ಧ ತೆರೆದಿರಬೇಕು ಅಷ್ಟೇ. ಕರಾವಳಿಯಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಕೂಲರ್ ಕೋಣೆಯನ್ನು ಇನ್ನಷ್ಟು ಜಿಗುಟು ಮಾಡುತ್ತದೆ, ಅಲ್ಲಿ ಬರೀ ಫ್ಯಾನೇ ಮೇಲು. ಬೆವರು ಆರದ ಕಡೆ ಕಡಿಮೆ ತಾಪವೂ ಅಪಾಯ ತರುತ್ತದೆ. ಬಿಸಿಗಾಳಿ ಘೋಷಿಸಲು ಹವಾಮಾನ ಇಲಾಖೆ ಬಯಲಿಗೆ ಕನಿಷ್ಠ 40 ಡಿಗ್ರಿ ಇಟ್ಟು ಕರಾವಳಿಗೆ 37 ಇಟ್ಟಿರುವುದನ್ನು ಗಮನಿಸಿ. ಗುಡ್ಡಗಾಡಿಗೆ ಅದು 30.

ಫ್ಯಾನಿಗೂ ಮಿತಿಯಿದೆ. ಕೋಣೆಯ ಗಾಳಿ 40 ಡಿಗ್ರಿ ದಾಟಿದ ಮೇಲೆ ಒಣ ಮೈಗೆ ಬೀಸುವ ಫ್ಯಾನು ಒಲೆಯ ಗಾಳಿಯಿದ್ದಂತೆ, ಅದು ಮೈಗೆ ಬಿಸಿ ತುಂಬುತ್ತದೆ. ಬೆವರು ಕಡಿಮೆಯಾದ ವಯಸ್ಸಾದವರಿಗೆ ಇದು ಹೆಚ್ಚು ತಟ್ಟುತ್ತದೆ. ಫ್ಯಾನು ಹಾಕುವುದಾದರೆ ಕೈ, ಕಾಲು, ಕತ್ತನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿರಿ.

ಇವೆಲ್ಲಕ್ಕಿಂತ ಅಗ್ಗದ ಆಯ್ಕೆ ಹೊತ್ತು ಬದಲಿಸುವುದು. ಕಲಬುರಗಿ ವಿಭಾಗದಲ್ಲಿ, ವಿಜಯಪುರ–ಬಾಗಲಕೋಟೆಗಳಲ್ಲಿ ಏಪ್ರಿಲ್–ಮೇನಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಒಂದೂವರೆಗೆ ಮುಚ್ಚುವುದು ರೂಢಿ. ಕಚೇರಿಯ ಬಾಬುಗಳಿಗೆ ಸಿಕ್ಕಿದ ಈ ಬುದ್ಧಿ ಇಟ್ಟಿಗೆ ಭಟ್ಟಿ, ರಸ್ತೆ ಕಾಮಗಾರಿಗಳಿಗೆ ಇನ್ನೂ ಮುಟ್ಟಿಲ್ಲ. ಹೊಸದಾಗಿ ಬಿಸಿಲಿನ ಕೆಲಸಕ್ಕೆ ಬಂದವರೇ ಹೆಚ್ಚು ಬೀಳುವುದು, ಅದೂ ಮೊದಲ ಕೆಲವೇ ದಿನಗಳಲ್ಲಿ. ಬೆವರು ಬೇಗ ಶುರುವಾಗಿ ಅದರಲ್ಲಿ ಉಪ್ಪು ಕಡಿಮೆ ಹೋಗುವಂತೆ ಮೈ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಹೊಸಬರಿಗೆ ಮೊದಲ ದಿನ ಐದರಲ್ಲಿ ಒಂದು ಪಾಲು ಕೆಲಸ ಕೊಟ್ಟು ದಿನಕ್ಕೊಂದು ಪಾಲು ಏರಿಸುತ್ತ ಹೋದರೆ ಐದನೇ ದಿನಕ್ಕೆ ಪೂರ್ತಿಯಾಗುತ್ತದೆ. ಊರಿಗೆ ಹೋಗಿ ಎರಡು ವಾರ ಬಿಟ್ಟು ಬಂದ ಹಳಬರಿಗೂ ಇದೇ ಲೆಕ್ಕ.

ಮಾತ್ರೆ, ಇನ್ಸುಲಿನ್

ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ, ಕೆಲವು ಮಾನಸಿಕ ಕಾಯಿಲೆಯ ಮಾತ್ರೆಗಳು ಬಿಸಿಲಿನ ತೊಂದರೆಯನ್ನು ಹೆಚ್ಚಿಸುತ್ತವೆ. ತಾವಾಗಿ ನಿಲ್ಲಿಸುವುದು ಅದಕ್ಕಿಂತ ಕೆಟ್ಟದ್ದು. ಮಾರ್ಚಿನಲ್ಲೇ ಆರೋಗ್ಯ ಮಂದಿರಕ್ಕೆ ಹೋಗಿ ಬಿಪಿ ನೋಡಿಸಿ, ಪ್ರಮಾಣ ಬದಲಿಸಬೇಕೇ ಎಂದು ಪಿಎಚ್‌ಸಿ ವೈದ್ಯರನ್ನು ಕೇಳಿ.

ತೆರೆಯದ ಇನ್ಸುಲಿನ್‌ಗೆ ಫ್ರಿಜ್ಜಿನ 2ರಿಂದ 8 ಡಿಗ್ರಿ, ಬಾಗಿಲಿನ ಕಡೆಗೆ, ಫ್ರೀಜರಿನಿಂದ ದೂರ. ಒಮ್ಮೆ ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಫ್ರಿಜ್ ಇಲ್ಲದ ಮನೆಯಲ್ಲಿ ಮಣ್ಣಿನ ಮಡಕೆ: ಇನ್ಸುಲಿನ್ ಬಾಟಲಿಯನ್ನು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಹೊರಮೈ ತೇವವಾಗಿರುವ ಮಡಕೆಯೊಳಗೆ ನೆರಳಲ್ಲಿಡಿ. ಫ್ರಿಜ್ಜಿನಷ್ಟು ತಂಪಿಲ್ಲ, ಆದರೆ ಬಳಕೆಯಲ್ಲಿರುವ ಬಾಟಲಿಗೆ ಸುಡುವ ಕಪಾಟಿಗಿಂತ ಎಷ್ಟೋ ವಾಸಿ. ಇಲ್ಲೂ ಕರಾವಳಿಯವರಿಗೆ ಲಾಭ ಕಡಿಮೆ, ಕಾರಣ ಅದೇ ತೇವ.

ಕುಡಿಯುವ ನೀರು: ಕುದಿಸುವುದು, ಕ್ಲೋರಿನ್, ಆರ್‌ಓ

ಬೇಸಿಗೆಯ ಭೇದಿಗೆ ಒಂದು ಕಾರಣ ನಲ್ಲಿ ನೀರು ಬಿಟ್ಟು ಬಿಟ್ಟು ಬರುವುದು. ಪೈಪು ಖಾಲಿಯಾದಾಗ ಒಳಗೆ ಎಳೆತ ಹುಟ್ಟಿ ಬಿರುಕುಗಳಿಂದ ಪಕ್ಕದ ಚರಂಡಿ ನೀರು ಸೇರುತ್ತದೆ. ಮನೆಗೆ ಮೋಟಾರು ಹಚ್ಚಿ ಎಳೆದರೆ ಇನ್ನಷ್ಟು. ಆದ್ದರಿಂದ ನೀರು ಬಿಟ್ಟ ಮೊದಲ ಕೆಲವು ಬಿಂದಿಗೆ ಬಳಕೆಗಿರಲಿ, ಕುಡಿಯಲು ಬೇಡ.

ರೋಗಾಣುವಿಗೆ ಕುದಿಸುವುದು ಖಚಿತ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಆದರೆ ಕೈ ಅದ್ದಿದರೆ ಮತ್ತೆ ಕೆಡುತ್ತದೆ. ಕ್ಲೋರಿನ್ ಮಾತ್ರೆಗೆ ಆ ಕೊರತೆಯಿಲ್ಲ, ಸ್ವಲ್ಪ ಕ್ಲೋರಿನ್ ನೀರಲ್ಲಿ ಉಳಿದು ಕಾಯುತ್ತಿರುತ್ತದೆ. ಮಾತ್ರೆ ಎಷ್ಟು ಲೀಟರಿಗೆ ಎಂಬುದು ಪಟ್ಟಿಯ ಮೇಲಿರುತ್ತದೆ. ಹಾಕಿ ಅರ್ಧ ಗಂಟೆ ಬಿಡಿ. ಕೆಂಪು ಕಲಕು ನೀರಿಗೆ ಹಾಕಿದರೆ ಮಣ್ಣೇ ಕ್ಲೋರಿನ್ ತಿಂದುಬಿಡುತ್ತದೆ, ಮೊದಲು ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ. ಭೇದಿ ಕಾಣಿಸಿಕೊಂಡ ಬೀದಿಯಲ್ಲಿ ನಮ್ಮ ಆಯ್ಕೆ ಕ್ಲೋರಿನ್.

ಪಾವಗಡ, ಕೋಲಾರದ ಕಡೆಯಂತೆ ಕೊಳವೆಬಾವಿಯಲ್ಲಿ ಫ್ಲೋರೈಡ್ ಇರುವ ಊರುಗಳಲ್ಲಿ ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಅಲ್ಲಿ ಊರಿನ ಶುದ್ಧ ನೀರಿನ ಘಟಕದ ಆರ್‌ಓ ನೀರೇ ಬೇಕು. ಆದರೆ ಕ್ಯಾನು ತೊಳೆಯದಿದ್ದರೆ ಆರ್‌ಓ ನೀರೂ ಭೇದಿ ತರುತ್ತದೆ. ಸಂಶಯವಿದ್ದರೆ ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇದೆಯೇ ಎಂದು ಕೇಳಿ, ಸಣ್ಣ ಬಾಟಲಿಯಲ್ಲಿ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟು ನೋಡುವ ಪರೀಕ್ಷೆ ಅದು. ನೀರು ಕಪ್ಪಾದರೆ ಮಲದ ಅಂಶ ಸೇರಿದೆ. ಬೀದಿಯಲ್ಲಿ ಒಂದೇ ವಾರದಲ್ಲಿ ಎರಡು–ಮೂರು ಮನೆಗೆ ಭೇದಿ ಹತ್ತಿದರೆ ಪರೀಕ್ಷೆಗೂ ಕಾಯದೆ ಆಶಾಗೆ ತಿಳಿಸಿ, ಪೈಪು ಎಲ್ಲಿ ಸೋರುತ್ತಿದೆ ಎಂಬುದನ್ನು ನೀವೇ ತೋರಿಸಿ.